ಗೊಟಗೋಡಿಯ ಸಿಮೆಂಟ್ ಊರು

ಹುಬ್ಬಳ್ಳಿ–ಹಾವೇರಿ ಹೆದ್ದಾರಿಯಲ್ಲಿ, ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿ ಹತ್ತಿರ, ಕಲಾವಿದರೊಬ್ಬರ ಇಡೀ ಬದುಕಿನ ಪ್ರದರ್ಶನ ಬಯಲಿನಲ್ಲಿ ನಿಂತಿದೆ. ಶಿಲ್ಪಿ, ದೊಡ್ಡಾಟದ ಸಾಧಕ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಅದು. ಕರ್ನಾಟಕ ಬಯಲಾಟ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದ ಅವರು 2020ರ ನವೆಂಬರ್‌ನಲ್ಲಿ ತೀರಿಕೊಂಡರು.

ಸಾವಿರಕ್ಕೂ ಹೆಚ್ಚು ಶಿಲ್ಪಗಳು ಇಲ್ಲಿವೆ. ಡಾ. ರಾಜಕುಮಾರ್ ಸಿನಿಮಾಗಳಲ್ಲಿ ಮಾಡಿದ ಪಾತ್ರಗಳೂ ಮೂರ್ತಿಗಳಾಗಿವೆ. ಆದರೆ ತೋಟದ ಜೀವ ಇರುವುದು ಒಳಗಿನ ಊರಿನಲ್ಲಿ. ಒಕ್ಕಲುತನ, ಕೈಕಸಬು, ದನಗಳ ಹಿಂಡು, ಕುರಿ ಕಾಯುವವರು, ಮನೆಗೆಲಸದಲ್ಲಿ ಮುಳುಗಿದ ಗಂಡಸರು, ಹೆಂಗಸರು.

ವಸ್ತುಸಂಗ್ರಹಾಲಯಗಳಲ್ಲಿ ಬಿತ್ತುವ ಕೂರಿಗೆ ಗೋಡೆಗೆ ಒರಗಿರುತ್ತದೆ. ಅದರ ಬಟ್ಟಲಿಗೆ ಕಾಳು ಬಿಡುತ್ತಿದ್ದ ಕೈ ಹೇಗೆ ತಿರುಗುತ್ತಿತ್ತು, ಬೆನ್ನು ಎಷ್ಟು ಬಾಗುತ್ತಿತ್ತು ಎಂಬುದು ಅಲ್ಲಿ ಸಿಗುವುದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ರಂಟೆ, ಕುಂಟೆಗಳಷ್ಟೇ ಮೂಲೆ ಸೇರಲಿಲ್ಲ, ಅವುಗಳ ಜೊತೆ ಪಳಗಿದ ಮೈಯ ನಿಲುವೂ ಮರೆಯಾಯಿತು. ಸೊಲಬಕ್ಕನವರ ಉಳಿಸಿಕೊಟ್ಟದ್ದು ಆ ನಿಲುವನ್ನು. ಈ ತೋಟ ನಿಜಕ್ಕೂ ಅಮೂಲ್ಯವಾಗುವುದು ಇದರಿಂದ.

ಆ ಕಣ್ಣು ಅವರಿಗೆ ದೊಡ್ಡಾಟ ಕೊಟ್ಟದ್ದಿರಬೇಕು. ರಾತ್ರಿಯಿಡೀ ನಡೆಯುವ ಈ ಆಟದಲ್ಲಿ ಪಾತ್ರಧಾರಿ ಬಾಯಿ ತೆರೆಯುವ ಮೊದಲೇ ಅವನ ಹೆಜ್ಜೆ, ನಿಂತ ಭಂಗಿ ಪಾತ್ರವನ್ನು ಸಾರುತ್ತವೆ. ವೇಷವಂತೂ ಕೂಡಿಸುವ ಕಲೆಯೇ: ಹಗುರ ಕಟ್ಟಿಗೆಯಲ್ಲಿ ಕೆತ್ತಿದ ಕಿರೀಟ, ಭುಜಕೀರ್ತಿ, ಎದೆಹಲಗೆ; ಅವುಗಳ ಮೇಲೆ ಬಣ್ಣ, ಬೇಗಡೆ, ಕನ್ನಡಿ ಚೂರು. ಹಳ್ಳಿಯ ಬಡಿಗ, ಬಣ್ಣಗಾರರ ಕೈಯಲ್ಲಿ ಅಲ್ಪಸ್ವಲ್ಪ ಸಾಮಾನುಗಳೇ ರಾಜನನ್ನೋ ರಾಕ್ಷಸನನ್ನೋ ನಿಲ್ಲಿಸುತ್ತಿದ್ದವು.

ಇಂಥ ಕೂಡಿಕೆ ಬೇರೆ ಕಡೆಯೂ ದೊಡ್ಡ ಕಲೆಯಾಗಿದೆ. ಚಂಡೀಗಢದಲ್ಲಿ ನೇಕ್ ಚಂದ್ ಒಡೆದ ಬಳೆ, ಪಿಂಗಾಣಿ ಚೂರುಗಳನ್ನು ಗುಟ್ಟಾಗಿ ಕೂಡಿಹಾಕಿ ಕಟ್ಟಿದ ರಾಕ್ ಗಾರ್ಡನ್ 1976ರಲ್ಲಿ ಜನರಿಗೆ ತೆರೆಯಿತು. ಅಮೆರಿಕದ ಬ್ರೂಸ್ ಕಾನರ್ ಬಿಸಾಡಿದ ವಸ್ತುಗಳಿಂದ ಶಿಲ್ಪ ಮಾಡಿದ. 1958ರಲ್ಲಿ ಬೇರೆಯವರು ತೆಗೆದ ಫಿಲ್ಮ್ ತುಣುಕುಗಳನ್ನು ಅಂಟಿಸಿ 12 ನಿಮಿಷದ ಸಿನಿಮಾವನ್ನೇ ಕಟ್ಟಿದ. 2008ರಲ್ಲಿ ಅವನು ತೀರಿಕೊಂಡ. 2016ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವನ ಕೃತಿಗಳನ್ನು ಒಂದೆಡೆ ತೋರಿಸಿತು.

ಗೊಟಗೋಡಿಯ ಊರನ್ನು ಹಾಗೆ ಎತ್ತಿ ಒಯ್ಯಲಾಗದು. ಗ್ಯಾಲರಿಯ ನೆರಳೂ ಇದಕ್ಕಿಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿಯ ಕಲ್ಲಿನ ಕಮಲ ಶತಮಾನಗಳನ್ನು ಕಳೆದರೂ ಅರಳಿಯೇ ಇದೆ, ಸಿಮೆಂಟಿಗೆ ಆ ಆಯುಸ್ಸಿಲ್ಲ. ಬಿರುಕಿನಲ್ಲಿ ಮಳೆನೀರು ಇಳಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಮೇಲಿನ ಪದರ ಸಿಡಿಯುತ್ತದೆ. ಬಿಸಿಲಿಗೆ ಬಣ್ಣ ಮಾಸುತ್ತದೆ. ವರ್ಷವರ್ಷವೂ ಆರೈಕೆ ಬೇಕು, ಅದನ್ನು ಬಲ್ಲ ಕೈಗಳು ಬೇಕು.

ಬರಹದ ಕೆಲಸವೂ ಬಾಕಿಯಿದೆ. 2011ರಲ್ಲಿ ಆರಂಭವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೇ ಗೊಟಗೋಡಿಯಲ್ಲಿದೆ. ಒಂದೊಂದು ಶಿಲ್ಪದ ಮುಂದೆ ಹಳ್ಳಿಯ ಹಿರಿಯರನ್ನು ನಿಲ್ಲಿಸಿ, ಆ ಉಪಕರಣದ ಹೆಸರು, ಕೆಲಸದ ಕ್ರಮ, ದುಡಿಯುವಾಗ ಹಾಡುತ್ತಿದ್ದ ಪದಗಳನ್ನು ಕೇಳಿ ಬರೆದುಕೊಳ್ಳಲು ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ ಜಾಗ ಇನ್ನೊಂದಿಲ್ಲ. ಆ ಕೆಲಸಗಳನ್ನು ಸ್ವತಃ ಮಾಡಿದವರು ಸುತ್ತಲಿನ ಊರುಗಳಲ್ಲಿ ಇನ್ನೂ ಇದ್ದಾರೆ.