ಏಳು ಮನೆಯ ಬೆಕ್ಕು, ಒಂದು ಮನೆಯ ಕೂಗು

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಅಪಾರ್ಟ್‌ಮೆಂಟುಗಳಲ್ಲಿ ಬೆಕ್ಕು ಸಾಕಿದವರು ಪಶುವೈದ್ಯರ ಮುಂದಿಡುವ ದೂರುಗಳಲ್ಲಿ ಅದರ ಎಡೆಬಿಡದ ಕೂಗೂ ಒಂದು. ಅದನ್ನು ಪ್ರಾಣಿಯ ಹಟವೆಂದೋ ಸಾಕಿದವರ ಅತಿಮುದ್ದಿನ ಫಲವೆಂದೋ ಹೇಳಿ ಕೈತೊಳೆದುಕೊಳ್ಳುವುದು ವಾಡಿಕೆ. ಆದರೆ ಈ ಭಾಗವು ಹಳ್ಳಿಗಳಿಂದ ಬಡಾವಣೆಯಾಗಿ, ಬಡಾವಣೆಯಿಂದ ಬಹುಮಹಡಿ ಕಟ್ಟಡಗಳ ಸಾಲಾಗಿ ಮಾರ್ಪಟ್ಟ ಬಗೆಯನ್ನು ಗಮನಿಸಿದರೆ, ಒಂದು ಕೇರಿಯಲ್ಲಿ ಹಂಚಿಹೋಗುತ್ತಿದ್ದ ಕೂಗು ಒಂದೇ ಮನೆಯ ಪಾಲಿಗೆ ಬಂದುಬಿಟ್ಟದ್ದೇ ಈ ದೂರಿನ ಮೂಲವೆಂದು ತೋರುತ್ತದೆ.

ಮಿಯಾಂವ್ ಎಂಬುದು ಮೂಲತಃ ಮರಿಯು ತಾಯಿಯನ್ನು ಕರೆಯುವ ದನಿ. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ವಾಸನೆ, ಬಾಲದ ನಿಲುವು, ಕಿವಿಯ ತಿರುವುಗಳಿಂದಲೂ ಜಗಳ ಮತ್ತು ಬೆದೆಯ ಕೂಗುಗಳಿಂದಲೂ ವ್ಯವಹರಿಸುತ್ತವೆಯೇ ಹೊರತು ಪರಸ್ಪರ ಮಿಯಾಂವ್ ಎನ್ನುವುದು ಬಹಳ ಅಪರೂಪ. ಮನುಷ್ಯರೊಡನೆ ಬಾಳುವ ಬೆಕ್ಕು ಮಾತ್ರ ಮರಿತನದ ಆ ಕರೆಯನ್ನು ಕಡೆಯವರೆಗೂ ಉಳಿಸಿಕೊಂಡು ನಮ್ಮ ಕಡೆಗೆ ತಿರುಗಿಸುತ್ತದೆ. ಅಮೆರಿಕದ ಮಿಲ್ಡ್ರೆಡ್ ಮೋಲ್ಕ್ 1944ರಲ್ಲಿ ಸಾಕುಬೆಕ್ಕಿನ ದನಿಗಳನ್ನು ಬಾಯಿ ಮುಚ್ಚಿ ಹೊರಡಿಸುವವು, ತೆರೆದು ಮೆಲ್ಲನೆ ಮುಚ್ಚುತ್ತ ಹೊರಡಿಸುವವು, ಬಿಗಿಯಾಗಿ ತೆರೆದಿಟ್ಟು ಹೊರಡಿಸುವವು ಎಂದು ವಿಂಗಡಿಸಿ, ಮಿಯಾಂವ್ ಅನ್ನು ಎರಡನೆಯ ಗುಂಪಿಗೆ ಸೇರಿಸಿದರು. ನಿಕೊಲಾಸ್ ನಿಕಾಸ್ಟ್ರೊ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾಕುಬೆಕ್ಕಿನ ಮಿಯಾಂವ್ ಆಫ್ರಿಕದ ಕಾಡುಬೆಕ್ಕಿನದಕ್ಕಿಂತ ಗಿಡ್ಡವೂ ಹೆಚ್ಚು ಕೀರಲೂ ಆಗಿದ್ದು, ಕೇಳುಗರಿಗೆ ಹೆಚ್ಚು ಹಿತವೆನಿಸಿತು. ಮನೆಯವರ ಕಿವಿಗೆ ಹೊಂದಿಕೊಂಡ ದನಿಯೇ ಮನೆಯವರಿಗೆ ಬೇಸರ ತರುವಂತಾದದ್ದು ಹೇಗೆಂಬುದನ್ನು ತಿಳಿಯಲು ಈ ಪ್ರದೇಶದ ಹಳೆಯ ಹಳ್ಳಿಗಳಿಗೆ ಹೋಗಬೇಕಾಗುತ್ತದೆ.

ಬೈರಸಂದ್ರ, ಯಡಿಯೂರು, ಸಾರಕ್ಕಿ, ತಾವರೆಕೆರೆ, ಮಡಿವಾಳಗಳು ಕೆರೆಬಯಲಿನ ಗದ್ದೆಯನ್ನೂ ರಾಗಿಹೊಲವನ್ನೂ ನೆಚ್ಚಿದ ಊರುಗಳಾಗಿದ್ದವು. ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರಗಳೇ ಇಂದು ಬಿ.ಟಿ.ಎಂ. ಎಂಬ ಹೆಸರಿನಲ್ಲಿ ಉಳಿದಿವೆ. ಹಳೇ ಮೈಸೂರು ಸೀಮೆಯವರು ಕೊತ್ತಿ ಎಂದು ಕರೆಯುವ ಬೆಕ್ಕಿಗೆ ಇಂಥ ಊರುಗಳಲ್ಲಿ ಕಣ, ಹುಲ್ಲಿನ ಮೆದೆ, ಕಣಜಗಳೇ ದುಡಿಮೆಯ ನೆಲೆ. ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯದೆಂಬ ನಂಬಿಕೆಯಿಂದ ಅದಕ್ಕೆ ಕೈಯಾರೆ ಇಡುವುದು ಕಡಿಮೆಯಿತ್ತು. ಇಲಿ ಕಾಟ ತೊಲಗಿಸಲು ಕೃಷ್ಣದೇವರಾಯನು ಬೆಕ್ಕಿನ ಜೊತೆಗೆ ಹಸುವನ್ನೂ ಹಂಚಿಸಿದ ತೆನಾಲಿ ರಾಮಕೃಷ್ಣನ ಕತೆಯು ನಗೆ ತರಿಸುವುದು ಈ ಹಿನ್ನೆಲೆಯಲ್ಲಿಯೇ. ಹಾಲು ಮೊಸರಿನ ಗಡಿಗೆಗಳು ಸೂರಿನ ತೊಲೆಯಿಂದ ಇಳಿಬಿಟ್ಟ ನೆಲುವಿನಲ್ಲಿ, ಎಂದರೆ ಹಗ್ಗದಿಂದ ಹೆಣೆದ ತೂಗುಬುಟ್ಟಿಯಲ್ಲಿ, ಬೆಕ್ಕಿಗೆ ಎಟುಕದಂತೆ ಇರುತ್ತಿದ್ದವು. ಎಷ್ಟು ಕೂಗಿದರೂ ನೆಲುವು ಕೆಳಗಿಳಿಯದ ಮನೆಯಲ್ಲಿ ಕೂಗು ಬೆಳೆಯಲು ಕಾರಣವೇ ಇರಲಿಲ್ಲ. ಕೂಗುವುದನ್ನು ಬಿಟ್ಟು ಬೆಕ್ಕು ಕದಿಯುವುದನ್ನು ಕಲಿಯಿತು. ಮದ್ದೂರು ತಾಲೂಕಿನ ಬೆಕ್ಕಳಲೆಯಲ್ಲಿ ಬೆಕ್ಕನ್ನು ಮಂಗಮ್ಮನ ರೂಪವೆಂದು ಪೂಜಿಸುವ ಸಂಪ್ರದಾಯವಿದ್ದರೂ, ಬೇರೆಡೆಗಳಲ್ಲಿ ಅಡ್ಡ ಬಂದ ಬೆಕ್ಕೂ ರಾತ್ರಿ ಅಳುವ ಬೆಕ್ಕೂ ಅಪಶಕುನಗಳ ಸಾಲಿಗೇ ಸೇರಿದ್ದವು.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟು, ಜನರು ಊರೊಳಗಿನ ಮನೆಗಳನ್ನು ತೊರೆದು ಬಯಲಿನ ಗುಡಿಸಲುಗಳಿಗೆ ಹೋದ ಮೇಲೆ, ಗಾಳಿ ಬೆಳಕಿಗೆ ಆಸ್ಪದವಿರುವ ಬಸವನಗುಡಿಯಂಥ ಹೊಸ ಬಡಾವಣೆಗಳ ಬೆಳವಣಿಗೆಗೆ ವೇಗ ಬಂದಿತು. ರೋಗವು ಇಲಿಯ ಚಿಗಟಗಳಿಂದ ಹರಡುತ್ತದೆಂಬುದು ಖಚಿತವಾಗುತ್ತಿದ್ದಂತೆ, ಅಮರಾವತಿಯಲ್ಲಿ ವೈದ್ಯಾಧಿಕಾರಿಯಾಗಿದ್ದ ಆಂಡ್ರ್ಯೂ ಬುಕಾನನ್ 1908ರ ಹೊತ್ತಿಗೆ ಬೆಕ್ಕುಗಳು ಹೆಚ್ಚಿರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆಯೆಂದು ವಾದಿಸಿ, ಮನೆಮನೆಯಲ್ಲಿ ಬೆಕ್ಕು ಸಾಕಬೇಕೆಂದು ಪ್ರತಿಪಾದಿಸಿದರು. ಬೆಕ್ಕಿಗೇ ಪ್ಲೇಗು ತಗಲಿ ಅದರಿಂದ ಮನುಷ್ಯರಿಗೂ ಹರಡಬಹುದೆಂಬ ಇಂದಿನ ತಿಳಿವಳಿಕೆಯ ಮುಂದೆ ಆ ಸಲಹೆ ಅರ್ಧಸತ್ಯವಾಗಿಯೇ ಉಳಿಯುತ್ತದೆ.

1948ರ ಆಗಸ್ಟ್ 20ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಶಂಕುಸ್ಥಾಪನೆ ಮಾಡಿದ ಜಯನಗರವು ಬೆಕ್ಕಿನ ದೃಷ್ಟಿಯಿಂದ ನೋಡಿದರೂ ಉದಾರವಾದ ಊರು. ಅಳತೆ ಪ್ರಕಾರ ಹಂಚಿದ ನಿವೇಶನಗಳಲ್ಲಿ ಕಾಂಪೌಂಡಿಗೂ ಗೋಡೆಗೂ ನಡುವೆ ಖಾಲಿ ಜಾಗ, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು, ತೆಂಗು, ಸೀಬೆ. ಅನೇಕ ಕಡೆ ಹಿಂಬದಿಯ ಮನೆಗಳ ನಡುವೆ ಕಸ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಓಣಿ. ಒಂದೇ ಆವರಣದಲ್ಲಿ ಹಲವು ಬಾಡಿಗೆ ಮನೆಗಳಿದ್ದ ವಠಾರಗಳಲ್ಲಂತೂ ಬೆಕ್ಕು ಯಾರೊಬ್ಬರದೂ ಆಗಿರದೆ ಎಲ್ಲರದೂ ಆಗಿತ್ತು: ಒಂದು ಮನೆಯ ಕದ ಮುಚ್ಚಿದ್ದರೆ ಮತ್ತೊಂದರ ಹೊಸ್ತಿಲು, ಒಬ್ಬರು ಗದರಿದರೆ ಇನ್ನೊಬ್ಬರ ಮಹಡಿಮೆಟ್ಟಿಲು. ತಾಯಿಬೆಕ್ಕು ಮರಿಗಳನ್ನು ಕಚ್ಚಿಕೊಂಡು ಏಳು ಮನೆ ಬದಲಿಸುತ್ತದೆಂಬ ಮಾತಿಗೆ ಇಂಥ ಕಡೆಗಳಲ್ಲಿ ನಿಜವಾಗಿಯೇ ಏಳು ಮನೆಗಳಿದ್ದವು. ಬೆಕ್ಕನ್ನು ಕೊಲ್ಲುವುದು ಮಹಾಪಾಪವಾದ್ದರಿಂದ, ಕಾಟ ಕೊಡುವ ಗಂಡುಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ದಾರಿ ತಿಳಿಯಬಾರದೆಂದು ಸುತ್ತು ಹಾಕಿಕೊಂಡು ಹೋಗಿ, ದೂರದ ಮಾರುಕಟ್ಟೆಯ ಬಳಿಯೋ ಕೆರೆಯಾಚೆಯೋ ಬಿಟ್ಟುಬರುವುದೇ ಕೂಗಿಗೆ ಇದ್ದ ಹಳೆಯ ಮದ್ದು. ಬೆಕ್ಕು ಮರಳಿ ಬರುತ್ತಿದ್ದುದೂ ಉಂಟು. ಬಾರದಿದ್ದಾಗ ಆ ಜಾಗಕ್ಕೆ ಮತ್ತೊಂದು ಗಂಡು ಬರುತ್ತಿದ್ದುದರಿಂದ ಈ ಮದ್ದು ಕಾಟದ ವಿಳಾಸವನ್ನು ಬದಲಿಸಿತೇ ವಿನಾ ಕಾಟವನ್ನು ಕಡಿಮೆ ಮಾಡಲಿಲ್ಲ.

ಇಂದಿನ ಡೈರಿ ವೃತ್ತದ ಬಳಿ 1965ರಲ್ಲಿ ಬೆಂಗಳೂರು ಡೈರಿ ಆರಂಭವಾಗಿ, ಮುಂದೆ ಹಾಲು ಪೊಟ್ಟಣದಲ್ಲಿಯೂ ಪೊಟ್ಟಣ ಫ್ರಿಜ್ಜಿನಲ್ಲಿಯೂ ಸೇರಿದಾಗ ನೆಲುವು ಅಡುಗೆಮನೆಯಿಂದ ಮರೆಯಾಯಿತು. ಅಕ್ಕಿ ರಾಗಿಗಳನ್ನು ತಿಂಗಳಿಗಾಗುವಷ್ಟೇ ತಂದು ಡಬ್ಬಿಯಲ್ಲಿಡುವ ಮನೆಗಳಲ್ಲಿ ಇಲಿಯ ಬೇಟೆಯೂ ಇಲ್ಲವಾಯಿತು. ಹಳೆಯ ಮನೆಗಳನ್ನು ಕೆಡವಿ ಕಟ್ಟಿದ ಅಪಾರ್ಟ್‌ಮೆಂಟುಗಳಿಗೆ ಬೆಕ್ಕು ಕಡೆಗೂ ಒಳಮನೆಯ ಪ್ರಾಣಿಯಾಗಿ ಬಂದಿತು. ಬಾಲ್ಕನಿಗೆ ಬಲೆ, ಕಿಟಕಿಗೆ ಜಾಲರಿ, ಬಾಗಿಲಾಚೆ ಲಿಫ್ಟು. ಊಟ, ಆಟ, ಹೊರಹೋಗುವ ದಾರಿ ಎಲ್ಲವೂ ಒಬ್ಬರ ಕೈಯಲ್ಲಿದ್ದು, ಆ ಒಬ್ಬರೂ ಬೆಳಿಗ್ಗೆಯಿಂದ ಸಂಜೆಯವರೆಗೆ ಕಚೇರಿಯಲ್ಲಿರುವಾಗ, ಉಳಿದ ಹೊತ್ತಿನಲ್ಲಿ ಬೆಕ್ಕು ಕೂಗದೆ ಬೇರೆ ದಾರಿಯಿಲ್ಲ.

ಬೆದೆಯ ಕೂಗು ಇದಕ್ಕಿಂತ ಬೇರೆ ಬಗೆಯದು. ಹಗಲು ದೀರ್ಘವಾಗುತ್ತ ಬಂದಂತೆ ಹೆಣ್ಣುಬೆಕ್ಕು ಬೆದೆಗೆ ಬರುತ್ತದೆ; ಲಂಡನ್ನಿನಲ್ಲಿ ವರ್ಷದ ಅತಿ ದೀರ್ಘ ಮತ್ತು ಅತಿ ಹ್ರಸ್ವ ಹಗಲುಗಳ ಅಂತರ ಎಂಟು ಗಂಟೆಗೂ ಹೆಚ್ಚಿದ್ದರೆ, ಭೂಮಧ್ಯರೇಖೆಯಿಂದ ಉತ್ತರಕ್ಕೆ 13 ಡಿಗ್ರಿಯಲ್ಲಿರುವ ಬೆಂಗಳೂರಿನಲ್ಲಿ ಅದು ಸುಮಾರು ಒಂದೂವರೆ ಗಂಟೆ ಮಾತ್ರ. ಆದ್ದರಿಂದ ಇಲ್ಲಿ ಬೆದೆಗೆ ನಿಶ್ಚಿತ ಬಿಡುವಿನ ಕಾಲವಿಲ್ಲ. ಕೂಡುವಿಕೆಯಿಂದಲೇ ಅಂಡ ಬಿಡುಗಡೆಯಾಗುವ ಪ್ರಾಣಿಯಾದ್ದರಿಂದ, ಒಳಗೆ ಕೂಡಿಹಾಕಿದ ಹೆಣ್ಣು ಎರಡು ಮೂರು ವಾರಗಳಿಗೊಮ್ಮೆ ಮತ್ತೆ ಮತ್ತೆ ಬೆದೆಗೆ ಬಂದು, ಹಗಲಿರುಳು ಗೋಳಿಡುತ್ತ ನೆಲದ ಮೇಲೆ ಹೊರಳಾಡುತ್ತದೆ; ಮೊದಲ ಬಾರಿ ನೋಡಿದವರು ಅದನ್ನು ಹೊಟ್ಟೆನೋವೆಂದು ತಿಳಿಯುವುದು ಸಾಮಾನ್ಯ. ಇದಕ್ಕೆ ಗೋಣಿಚೀಲದ ಬದಲು ಬಂದದ್ದು ಸಂತಾನಹರಣ ಶಸ್ತ್ರಚಿಕಿತ್ಸೆ. 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳೂ ಖಾಸಗಿ ಚಿಕಿತ್ಸಾಲಯಗಳೂ ಇದನ್ನು ಪರಿಚಿತಗೊಳಿಸಿದವು. ಸರ್ಕಾರವು 2001ರಲ್ಲಿ ಹೊರಡಿಸಿದ ಸಂತಾನ ನಿಯಂತ್ರಣ ನಿಯಮಗಳು ನಾಯಿಗಳನ್ನಷ್ಟೇ ಉದ್ದೇಶಿಸಿದ್ದವು. ಮರಿಗೆ ನಾಲ್ಕೈದು ತಿಂಗಳಾಗುವಾಗ ಈ ಚಿಕಿತ್ಸೆ ಮಾಡಿಸಿದರೆ ಬೆದೆಯ ಕೂಗು ಬಹುಮಟ್ಟಿಗೆ ಹುಟ್ಟುವುದೇ ಇಲ್ಲ.

ಉಳಿದ ಕೂಗಿಗೆ ಇಂದು ಪಶುವೈದ್ಯರು ಸೂಚಿಸುವ ಉಪಾಯಗಳು ವಠಾರವು ತಾನಾಗಿ ಒದಗಿಸುತ್ತಿದ್ದುದನ್ನೇ ಒಳಗೆ ಮರುಸ್ಥಾಪಿಸುವಂಥವು: ಹಕ್ಕಿಗಳು ಕಾಣುವ ಕಿಟಕಿಯಂಚಿನಲ್ಲಿ ಕೂರುವ ಹಲಗೆ, ಏರಲು ಎತ್ತರದ ಕಪಾಟು, ಸಂಜೆ ದಾರದ ತುದಿಗೆ ಗರಿ ಕಟ್ಟಿ ಬೇಟೆಯಂತೆ ಆಡಿಸಿ ಆಮೇಲೆ ಊಟ. ನಸುಕು ಮುಸ್ಸಂಜೆಗಳಲ್ಲಿ ಚುರುಕಾಗುವ ಪ್ರಾಣಿಯಾದ್ದರಿಂದ ಮುಂಜಾನೆಯ ಕೂಗಿಗೆ ಎದ್ದು ಬಟ್ಟಲು ತುಂಬಿದವರು, ಮರುದಿನವೂ ಅದೇ ಹೊತ್ತಿಗೆ ಕೂಗಲು ಅದಕ್ಕೆ ಕಲಿಸಿದಂತೆ. ನಿಗದಿತ ವೇಳೆಗೇ ಊಟವಿಟ್ಟು ಕೂಗಿಗೆ ಓಗೊಡದಿದ್ದರೆ ಅದು ಮೊದಲು ಇನ್ನೂ ಹೆಚ್ಚಿ ಆಮೇಲೆ ಇಳಿಯುತ್ತದೆ. ಹೆಚ್ಚಿದ ಹಂತದಲ್ಲಿ ಮನಕರಗಿ ಎದ್ದವರು, ಇನ್ನಷ್ಟು ಕೂಗಿದರೆ ಫಲ ಸಿಗುತ್ತದೆಂಬುದನ್ನು ಅದಕ್ಕೆ ಖಚಿತಪಡಿಸುತ್ತಾರೆ.

ಈ ನಿರ್ಲಕ್ಷ್ಯವು ಆರೋಗ್ಯವಂತ ಬೆಕ್ಕಿಗೆ ಮಾತ್ರ ಸಲ್ಲತಕ್ಕದ್ದು. ಹೊರಗೆ ಅಲೆದಾಡುವ ಬೆಕ್ಕುಗಳಲ್ಲಿ ಮುಪ್ಪಿನವರೆಗೆ ಬದುಕುತ್ತಿದ್ದವು ಕಡಿಮೆ. ಒಳಮನೆಯ ಬೆಕ್ಕು ಹದಿನೈದು ವರ್ಷ ದಾಟುವುದು ಈಗ ಅಪರೂಪವಲ್ಲವಾಗಿ, ವಯಸ್ಸಾದ ಬೆಕ್ಕಿನ ನಡುರಾತ್ರಿಯ ಕೂಗೆಂಬ ಹೊಸ ಸಮಸ್ಯೆ ಸೇರಿಕೊಂಡಿದೆ. ಥೈರಾಯ್ಡ್ ಗ್ರಂಥಿಯ ಅತಿಸ್ರಾವ, ಮೂತ್ರಪಿಂಡದ ಕಾಯಿಲೆ, ರಕ್ತದೊತ್ತಡ, ಕಿವುಡು, ಮರೆವು ಇವುಗಳಲ್ಲಿ ಯಾವುದೂ ಇದಕ್ಕೆ ಕಾರಣವಾಗಬಹುದು. ಸುಮ್ಮನಿದ್ದ ಬೆಕ್ಕು ಇದ್ದಕ್ಕಿದ್ದಂತೆ ಕೂಗತೊಡಗಿದರೆ ರಕ್ತಪರೀಕ್ಷೆಯೇ ಮೊದಲ ಹೆಜ್ಜೆ. ಗಂಡುಬೆಕ್ಕು ಮೂತ್ರಕ್ಕೆ ಕುಳಿತು ತಿಣುಕುತ್ತ ಕೂಗಿದರೆ ಅದು ಮೂತ್ರನಾಳ ಕಟ್ಟಿಕೊಂಡ ಸೂಚನೆಯಾಗಿರಬಹುದಾದ್ದರಿಂದ ಬೆಳಗಾಗುವವರೆಗೂ ಕಾಯದೆ ಚಿಕಿತ್ಸಾಲಯಕ್ಕೆ ಒಯ್ಯಬೇಕಾಗುತ್ತದೆ.