ಸೂಡಿಯಿಂದ ಚಾರ್ಜರ್‌ವರೆಗೆ: ನಮ್ಮ ಮನೆಗಳ ಬ್ಯಾಟರಿಯ ಚರಿತ್ರೆ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಇತಿಹಾಸ ಎಂದೊಡನೆ ತಾಳಗುಂದದ ಸ್ತಂಭ ಶಾಸನ, ಬಳ್ಳಿಗಾವೆಯ ಶಿಲ್ಪಕಲೆ, ಚಂದ್ರಗುತ್ತಿಯ ಕೋಟೆ ನಮ್ಮ ನೆನಪಿಗೆ ಬರುತ್ತವೆ. ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೇ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳನ್ನೂ 8ನೇ ಸಂಪುಟದಲ್ಲಿ ಸೊರಬದ ಶಾಸನಗಳನ್ನೂ ಪ್ರಕಟಿಸಿ ಶತಮಾನವೇ ಕಳೆದಿದೆ. ಆದರೆ ಇತಿಹಾಸವು ಕಲ್ಲಿನ ಮೇಲೆ ಮಾತ್ರ ಇರುವುದಿಲ್ಲ. ಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಟಾರ್ಚಿಗೂ ಒಂದು ಇತಿಹಾಸವಿದೆ. ರೈಸ್ ಅವರ 7ನೇ ಸಂಪುಟ ಹೊರಬಂದ 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ನಮ್ಮ ಹಳ್ಳಿಗಳಿಗೆ ಆ ಬೆಳಕು ಬರಲು ಇನ್ನೂ ಅನೇಕ ದಶಕಗಳು ಬೇಕಾದವು. ಆ ನಡುವಿನ ದೀರ್ಘ ಕತ್ತಲೆಯಲ್ಲಿ ನಮ್ಮ ಕೈಹಿಡಿದ ಬ್ಯಾಟರಿಯ ಕಥೆಯೇ ಈ ಲೇಖನದ ವಸ್ತು.

ಮಾತಿನಲ್ಲಿ ಉಳಿದ ಇತಿಹಾಸ

ನಮ್ಮ ಕಡೆಯ ಹಿರಿಯರ ಬಾಯಲ್ಲಿ ‘ಬ್ಯಾಟರಿ’ ಎಂದರೆ ಟಾರ್ಚ್. ‘ಬ್ಯಾಟರಿ ಬಿಡು’ ಎಂದರೆ ಬೆಳಕು ಹಾಯಿಸು ಎಂದರ್ಥ. ಅದರೊಳಗೆ ಹಾಕುವುದು ‘ಸೆಲ್ಲು’; ಕೆಲವರು ಅದನ್ನು ‘ಶೆಲ್ಲು’ ಎನ್ನುತ್ತಾರೆ. ಟಾರ್ಚ್ ಬರುವುದಕ್ಕೆ ಮುಂಚೆ ಒಣಗಿದ ತೆಂಗಿನ ಗರಿಯ ಸೂಡಿ ಬೀಸಿಕೊಂಡು ಜನ ರಾತ್ರಿ ದಾರಿ ನಡೆಯುತ್ತಿದ್ದರು. ಮನೆಯೊಳಗೆ ಸೀಮೆಎಣ್ಣೆಯ ಚಿಮಣಿ ಬುಡ್ಡಿ, ಸ್ವಲ್ಪ ಅನುಕೂಲಸ್ಥರಲ್ಲಿ ಲಾಟೀನು, ಮದುವೆ, ಜಲ್ಸಾ, ಯಕ್ಷಗಾನಗಳಿಗೆ ಗ್ಯಾಸ್‌ಲೈಟ್. ಮಳೆ ಬಂದರೆ ಸೂಡಿ ನಂದುತ್ತದೆ, ಗಾಳಿ ಬೀಸಿದರೆ ಬುಡ್ಡಿ ಆರುತ್ತದೆ. ಗುಂಡಿ ಒತ್ತಿದೊಡನೆ ಬೆಳಗುವ, ಗಾಳಿ ಮಳೆಗೆ ಹೆದರದ ಟಾರ್ಚು ಇಂಥ ಊರಿನಲ್ಲಿ ಎಷ್ಟು ದೊಡ್ಡ ವರವಾಗಿ ಕಂಡಿರಬೇಕೆಂಬುದನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳಬೇಕು. ರಮಝಾನಿನ ಸಹರಿಯ ಹೊತ್ತಿಗೆ ನೆರೆಮನೆಯವರನ್ನು ಎಬ್ಬಿಸಲು ಹೊರಟವರಿಗೂ ಗದ್ದೆಯ ನೀರು ಕಟ್ಟಲು ಹೊರಟವರಿಗೂ ಅದು ಸಮಾನ ಸಂಗಾತಿಯಾಗಿತ್ತು.

ಕಪ್ಪೆಯ ಕಾಲಿನಿಂದ ಒಣ ಕೋಶದವರೆಗೆ

ಇಟಲಿಯ ಲುಯಿಜಿ ಗ್ಯಾಲ್ವಾನಿ ಸತ್ತ ಕಪ್ಪೆಯ ಕಾಲು ಲೋಹಗಳ ಸ್ಪರ್ಶದಿಂದ ಅದುರುವುದನ್ನು ಕಂಡು, 1791ರಲ್ಲಿ ಅದನ್ನು ಪ್ರಕಟಿಸಿದನು. ಅವನದೇ ದೇಶದ ಅಲೆಸಾಂಡ್ರೊ ವೋಲ್ಟಾ, ವಿದ್ಯುತ್ತು ಕಪ್ಪೆಯಲ್ಲಿಲ್ಲ, ಎರಡು ಭಿನ್ನ ಲೋಹಗಳ ಸಂಪರ್ಕದಲ್ಲಿದೆ ಎಂದು ವಾದಿಸಿ, 1800ರಲ್ಲಿ ಸತುವು ಮತ್ತು ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳನ್ನಿಟ್ಟು ಮೊದಲ ಬ್ಯಾಟರಿಯನ್ನು ಜಗತ್ತಿನ ಮುಂದಿಟ್ಟನು.

ಬಗ್ದಾದಿನ ಸಮೀಪ 1936ರಲ್ಲಿ ದೊರೆತ ಮಣ್ಣಿನ ಗಡಿಗೆಯೇ ಜಗತ್ತಿನ ಮೊದಲ ಬ್ಯಾಟರಿ ಎಂಬ ಮಾತು ಆಗಾಗ ಕೇಳಿಬರುತ್ತದೆ. ಗಡಿಗೆಯೊಳಗೆ ತಾಮ್ರದ ಕೊಳವೆಯೂ ಕಬ್ಬಿಣದ ಸಲಾಕೆಯೂ ಇದ್ದುದು ನಿಜ. ಆದರೆ ಅದರೊಂದಿಗೆ ತಂತಿಯಾಗಲಿ ವಿದ್ಯುತ್ ಉಪಕರಣವಾಗಲಿ ದೊರೆಯಲಿಲ್ಲ. ಪುರಾತತ್ವ ತಜ್ಞರು ಈ ಊಹೆಯನ್ನು ಒಪ್ಪುವುದಿಲ್ಲ. ಕೇಳಲು ಹಿತವೆಂಬ ಕಾರಣಕ್ಕೆ ಯಾವ ಮಾತನ್ನೂ ಇತಿಹಾಸವೆಂದು ಸ್ವೀಕರಿಸಬಾರದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮರಳಿ ಚಾರ್ಜ್ ಮಾಡುವ ಬ್ಯಾಟರಿ ಹೊಸದೆಂದು ನಾವು ತಿಳಿದಿದ್ದೇವೆ. ವಾಸ್ತವದಲ್ಲಿ ಅದು ಬಳಸಿ ಎಸೆಯುವ ಒಣ ಸೆಲ್ಲಿಗಿಂತ ಹಳೆಯದು. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು 1859ರಲ್ಲಿಯೇ ನಿರ್ಮಿಸಿದನು. ಬಸ್ಸು, ಲಾರಿ, ಯುಪಿಎಸ್‌ಗಳಲ್ಲಿ ನಾವು ನೋಡುವುದು ಅದರ ವಂಶವನ್ನೇ. ಜರ್ಮನಿಯ ಕಾರ್ಲ್ ಗ್ಯಾಸ್ನರ್ ಒಣ ಕೋಶಕ್ಕೆ ಪೇಟೆಂಟ್ ಪಡೆದದ್ದು 1886ರಲ್ಲಿ. ಅಂದರೆ 27 ವರ್ಷಗಳ ನಂತರ.

ಹಾಗಿದ್ದರೆ ಮನೆಮನೆಗೆ ಮೊದಲು ಬಂದದ್ದು ಎಸೆಯುವ ಸೆಲ್ಲೇ ಏಕೆ? ಉತ್ತರ ಸರಳವಾಗಿದೆ. ಚಾರ್ಜ್ ಮಾಡಬೇಕಾದರೆ ಮನೆಯಲ್ಲಿ ಕರೆಂಟು ಇರಬೇಕು. ಕರೆಂಟಿಲ್ಲದ ಮನೆಗೆ ಅಂಗಡಿಯಲ್ಲಿ ಸಿಗುವ ಸಿದ್ಧ ಸೆಲ್ಲೇ ಗತಿ. ನಮ್ಮ ಊರುಗಳ ಕತ್ತಲೆಯೇ ಆ ಸೆಲ್ಲಿಗೆ ಮಾರುಕಟ್ಟೆಯಾಯಿತು.

ಕೆಂಪು ಸೆಲ್ಲಿನ ಕಾಲ

ಎವರೆಡಿ ಕಂಪನಿ ಭಾರತದಲ್ಲಿ ನೋಂದಣಿಯಾದದ್ದು 1934ರಲ್ಲಿ. ಮುಂದೆ ಇದೇ ಕಂಪನಿ ಯೂನಿಯನ್ ಕಾರ್ಬೈಡ್ ಇಂಡಿಯಾ ಎಂಬ ಹೆಸರು ಪಡೆಯಿತು. 1984ರ ಡಿಸೆಂಬರ್‌ನಲ್ಲಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಪ್ರಾಣ ಕಳೆದುಕೊಂಡಾಗ, ಆ ಕಾರ್ಖಾನೆಯ ಒಡೆತನ ಈ ಕಂಪನಿಯದೇ ಆಗಿತ್ತೆಂಬುದನ್ನು ಹಳ್ಳಿಯಲ್ಲಿ ಸೆಲ್ಲು ಕೊಳ್ಳುತ್ತಿದ್ದವರಲ್ಲಿ ಅರಿತವರು ಕಡಿಮೆ. 1990ರ ದಶಕದಲ್ಲಿ ಅದರ ಒಡೆತನ ಬದಲಾಗಿ ಎವರೆಡಿ ಎಂಬ ಹೆಸರು ಮರಳಿ ಬಂದಿತು.

ಟಾರ್ಚಿನ ನಂತರ ಸೆಲ್ಲಿನ ಬೇಡಿಕೆ ಹೆಚ್ಚಿಸಿದ್ದು ಟ್ರಾನ್ಸಿಸ್ಟರ್ ರೇಡಿಯೋ. 1965ರಲ್ಲಿ ಭದ್ರಾವತಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ನಮ್ಮ ಜಿಲ್ಲೆಯ ಹಳ್ಳಿಗಳಿಗೆ ತಮ್ಮದೇ ಬಾನುಲಿ ದೊರೆತಂತಾಯಿತು. ಆದರೆ ಕೂಲಿ ಕುಟುಂಬಕ್ಕೆ ಸೆಲ್ಲಿನ ಖರ್ಚು ಸಣ್ಣದಾಗಿರಲಿಲ್ಲ. ಆದ್ದರಿಂದಲೇ ಸೋತ ಸೆಲ್ಲುಗಳನ್ನು ಬಿಸಿಲಿಗಿಟ್ಟು ಮತ್ತೆ ಹಾಕುವ ಪದ್ಧತಿ ಎಲ್ಲೆಡೆ ಇತ್ತು. ಬಿಸಿಯಾದಾಗ ಒಳಗಿನ ರಾಸಾಯನಿಕ ಕ್ರಿಯೆ ತುಸು ಚುರುಕಾಗುವುದರಿಂದ ಇನ್ನಷ್ಟು ಹೊತ್ತು ವಾರ್ತೆ ಕೇಳಬಹುದಾಗಿತ್ತು. ಇದು ಚಾರ್ಜ್ ಅಲ್ಲ, ಉಳಿದುದನ್ನು ಹಿಂಡಿ ತೆಗೆಯುವುದು ಅಷ್ಟೇ. ಆದರೂ ‘ಇದನ್ನು ಮತ್ತೆ ತುಂಬಿಸುವಂತಿದ್ದರೆ’ ಎಂಬ ಬಡವನ ಆಸೆ ಅದರಲ್ಲಿ ಕಾಣುತ್ತದೆ. ಪೂರ್ತಿ ಸತ್ತ ಸೆಲ್ಲೂ ವ್ಯರ್ಥವಾಗುತ್ತಿರಲಿಲ್ಲ. ಮಕ್ಕಳು ಅದನ್ನು ಒಡೆದು ಒಳಗಿನ ಕರಿ ಪುಡಿಗೆ ಸೊಪ್ಪಿನ ರಸ ಬೆರೆಸಿ ಶಾಲೆಯ ಬೋರ್ಡಿಗೆ ಬಳಿಯುತ್ತಿದ್ದರು. ಆ ಪುಡಿ ಮ್ಯಾಂಗನೀಸ್ ಡೈ ಆಕ್ಸೈಡ್. ಅದರ ಧೂಳು ಉಸಿರಿನೊಂದಿಗೆ ಒಳಹೋಗುವುದು ಒಳ್ಳೆಯದಲ್ಲವೆಂದು ಆಗ ಹೇಳುವವರಿರಲಿಲ್ಲ.

ದೀಪದ ಬುಡದ ಕತ್ತಲೆ

ನಮ್ಮ ಜಿಲ್ಲೆಯ ಶರಾವತಿಯೇ ನಾಡಿಗೆ ಬೆಳಕು ಕೊಟ್ಟ ನದಿ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಲ್ಲಿ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು, ಶರಾವತಿ ವಿದ್ಯುದಾಗಾರವು ಮುಂದೆ 1,035 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ಆದರೆ ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು. ಹಿನ್ನೀರಿನ ಅಂಚಿನ ಅನೇಕ ಹಳ್ಳಿಗಳು ಬಹುಕಾಲ ಕರೆಂಟಿಗಾಗಿ ಕಾದವು. ತಂತಿ ಬಂದ ಊರುಗಳಲ್ಲಿಯೂ ಮಳೆಗಾಲದಲ್ಲಿ ಮರ ಬಿದ್ದರೆ ದಿನಗಟ್ಟಲೆ ಕತ್ತಲೆ. ಪಂಪ್‌ಸೆಟ್ಟಿಗೆ ರಾತ್ರಿ ಹೊತ್ತು ತ್ರೀ ಫೇಸ್ ಕರೆಂಟು ಬರುತ್ತಿದ್ದ ವರ್ಷಗಳಲ್ಲಿ ರೈತನು ಹಾವು ಹುಳುವಿನ ಬದುವಿನ ಮೇಲೆ ಟಾರ್ಚ್ ಹಿಡಿದೇ ಹೋಗಬೇಕಿತ್ತು. ಆ ಟಾರ್ಚಿನ ಸೆಲ್ಲು ನಡುದಾರಿಯಲ್ಲಿ ಕೈಕೊಟ್ಟರೆ ಪ್ರಾಣಕ್ಕೇ ಸಂಚಕಾರ.

ಕರೆಂಟು ಅರ್ಧಂಬರ್ಧವಾಗಿ ಬಂದ ಈ ಕಾಲವೇ ಚಾರ್ಜ್ ಬ್ಯಾಟರಿಯ ಕಾಲ. ಮೊದಲಿಗೆ ಜನರು ವಾಹನದ ಬ್ಯಾಟರಿಯನ್ನು ಪೇಟೆಯ ಚಾರ್ಜಿಂಗ್ ಅಂಗಡಿಗೆ ಹೊತ್ತೊಯ್ದು ತುಂಬಿಸಿ ತಂದು ಕಪ್ಪುಬಿಳುಪು ಟಿವಿ ನೋಡಿದರು. ಬಳಿಕ ಎಮರ್ಜೆನ್ಸಿ ಲೈಟು ಬಂದಿತು. 1995ರಲ್ಲಿ ಹರೀಶ್ ಹಂದೆ ಅವರು ಸ್ಥಾಪನೆಯಲ್ಲಿ ಪಾಲ್ಗೊಂಡ ಸೆಲ್ಕೊ ಸಂಸ್ಥೆಯು ಬಿಸಿಲಿನಿಂದ ಬ್ಯಾಟರಿ ತುಂಬಿಸಿ ರಾತ್ರಿ ದೀಪ ಉರಿಸುವ ಸೋಲಾರ್ ವ್ಯವಸ್ಥೆಯನ್ನು ಬ್ಯಾಂಕ್ ಸಾಲದ ನೆರವಿನಿಂದ ಕರ್ನಾಟಕದ ಬಡವರ ಮನೆಗಳಿಗೆ ತಲುಪಿಸಿತು. 2011ರಲ್ಲಿ ಹಂದೆ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಬಿಸಿಲಿಗೆ ಸೆಲ್ಲು ಇಡುತ್ತಿದ್ದ ನಾಡಿನಲ್ಲಿ ಬಿಸಿಲೇ ಬ್ಯಾಟರಿಯನ್ನು ತುಂಬಿಸಿದ್ದು ಅರ್ಥಪೂರ್ಣ ಬೆಳವಣಿಗೆ.

ಸಣ್ಣ ಸೆಲ್ಲಿನ ದೊಡ್ಡ ವಿಜ್ಞಾನಿಗಳು

ಸಣ್ಣ ಗಾತ್ರದ ಚಾರ್ಜ್ ಸೆಲ್ಲಿಗೆ ದಾರಿ ಮಾಡಿದವನು ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್. 1899ರಲ್ಲಿ ಅವನು ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ರೂಪಿಸಿದನು. ಆದರೆ ಕ್ಯಾಡ್ಮಿಯಂ ಘೋರ ವಿಷ. ಜಪಾನಿನಲ್ಲಿ ಗಣಿಯ ಕ್ಯಾಡ್ಮಿಯಂ ನದಿಗೆ ಸೇರಿ, ಅಲ್ಲಿಂದ ಭತ್ತದ ಗದ್ದೆಗೆ ಹರಿದು, ಆ ಅನ್ನ ಉಂಡವರ ಮೂಳೆಗಳನ್ನೇ ಶಿಥಿಲಗೊಳಿಸಿದ ‘ಇಟಾಯ್ ಇಟಾಯ್’ ಕಾಯಿಲೆ ಭತ್ತ ಬೆಳೆಯುವ ನಮಗೆ ಎಚ್ಚರಿಕೆಯ ಪಾಠ. ಕ್ಯಾಡ್ಮಿಯಂ ಇಲ್ಲದ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ಲು 1989ರ ಸುಮಾರಿಗೆ ಮಾರುಕಟ್ಟೆಗೆ ಬಂದಿತು. ಅದನ್ನು ಸುಮ್ಮನೆ ಇಟ್ಟರೂ ಚಾರ್ಜ್ ಇಳಿದುಹೋಗುವ ದೋಷವಿತ್ತು. 2005ರಲ್ಲಿ ಜಪಾನಿನ ಸ್ಯಾನ್ಯೊ ಕಂಪನಿ ವರ್ಷ ಕಳೆದರೂ ಬಹುಪಾಲು ಚಾರ್ಜ್ ಉಳಿಸಿಕೊಳ್ಳುವ ಸೆಲ್ಲನ್ನು ತಂದಿತು.

ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೋನಿ ಕಂಪನಿ 1991ರಲ್ಲಿ ಮಾರಾಟಕ್ಕೆ ಬಿಟ್ಟಿತು. ಇದಕ್ಕಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ. ಇವರೊಂದಿಗೆ ನಮ್ಮ ವಿದ್ಯಾರ್ಥಿಗಳು ನೆನಪಿಡಬೇಕಾದ ಇನ್ನೊಂದು ಹೆಸರು ರಶೀದ್ ಯಾಝಮಿ ಅವರದು. ಮೊರಾಕ್ಕೊ ದೇಶದ ಫೆಸ್ ನಗರದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಸಂಶೋಧನೆ ಮಾಡಿದ ಅವರು, ಗ್ರಾಫೈಟಿನ ಪದರಗಳೊಳಗೆ ಲಿಥಿಯಂ ಹೋಗಿ ಮರಳಿ ಬರಬಲ್ಲದೆಂದು 1980ರ ಸುಮಾರಿಗೆ ತೋರಿಸಿದರು. ಮೊಬೈಲ್ ಫೋನುಗಳ ಬ್ಯಾಟರಿಯ ಋಣ ವಿದ್ಯುದ್ವಾರ ನಿಂತಿರುವುದು ಈ ತಿಳಿವಿನ ಮೇಲೆಯೇ. 2014ರಲ್ಲಿ ಅಮೆರಿಕದ ಡ್ರೇಪರ್ ಪ್ರಶಸ್ತಿ ಪಡೆದ ನಾಲ್ವರಲ್ಲಿ ಅವರೂ ಒಬ್ಬರು. ಬಗ್ದಾದಿನ ಗಡಿಗೆಯ ಊಹೆಗಿಂತ ಪ್ರಯೋಗಾಲಯದ ಈ ಸತ್ಯ ಹೆಚ್ಚು ಹೆಮ್ಮೆಪಡುವಂಥದ್ದು.

ಕೊಳ್ಳುವ ಮುನ್ನ

ಇತಿಹಾಸ ಓದಿದವರು ಅಂಗಡಿಯಲ್ಲಿ ಬುದ್ಧಿವಂತ ಗ್ರಾಹಕರೂ ಆಗಬೇಕು. ಚಾರ್ಜ್ ಸೆಲ್ಲು ಎಲ್ಲದಕ್ಕೂ ಲಾಭವಲ್ಲ. ಉದಾಹರಣೆಗೆ ಎರಡು ಚಾರ್ಜ್ ಸೆಲ್ಲು ಮತ್ತು ಚಾರ್ಜರಿಗೆ 800 ರೂಪಾಯಿ, ಸಾಮಾನ್ಯ ಸೆಲ್ಲಿಗೆ ತಲಾ 10 ರೂಪಾಯಿ ಎಂದಿಟ್ಟುಕೊಳ್ಳೋಣ. ವಾರಕ್ಕೆ ಎರಡು ಸೆಲ್ಲು ನುಂಗುವ ಮನೆಯಲ್ಲಿ ತಿಂಗಳಿಗೆ ಸುಮಾರು 80 ರೂಪಾಯಿ ಉಳಿದು ಹತ್ತು ತಿಂಗಳಲ್ಲಿ ಬಂಡವಾಳ ಮರಳುತ್ತದೆ. ವರ್ಷಕ್ಕೊಂದು ಸೆಲ್ಲು ಬೇಡುವ ಗೋಡೆ ಗಡಿಯಾರಕ್ಕೆ ಅದು ವ್ಯರ್ಥ ಖರ್ಚು. ಚಾರ್ಜ್ ಮಾಡುವ ಕರೆಂಟಿನ ಲೆಕ್ಕವಂತೂ ಅತ್ಯಲ್ಪ. ಇಂಥ ಎರಡು ಸೆಲ್ಲುಗಳನ್ನು ಒಂದು ಯೂನಿಟ್ಟಿನಲ್ಲಿ ಸುಮಾರು ನೂರು ಸಲ ತುಂಬಿಸಬಹುದು.

ಸಾಮಾನ್ಯ ಸೆಲ್ಲಿನದು 1.5 ವೋಲ್ಟ್, ನಿಕ್ಕಲ್ ಮೆಟಲ್ ಹೈಡ್ರೈಡಿನದು 1.2 ವೋಲ್ಟ್. ಆದ್ದರಿಂದ ಕೆಲವು ಉಪಕರಣಗಳು ಮಂಕಾಗಬಹುದು. ಸಾಮಾನ್ಯ ಸೆಲ್ಲನ್ನು ಎಂದಿಗೂ ಚಾರ್ಜರಿಗೆ ಹಾಕಬಾರದು, ಸೋರಬಹುದು, ಸಿಡಿಯಲೂಬಹುದು. ಹಳೆಯದು ಹೊಸದನ್ನು ಜೊತೆಗೆ ಹಾಕಬಾರದು. ಸಾಮರ್ಥ್ಯವನ್ನು ಮಿಲಿ ಆಂಪಿಯರ್ ಅವರ್‌ನಲ್ಲಿ ನಮೂದಿಸಿರುತ್ತಾರೆ. 18650 ಅಳತೆಯ ಲಿಥಿಯಂ ಸೆಲ್ಲಿನ ಮೇಲೆ 9,900 ಎಂದು ಮುದ್ರಿಸಿದ್ದರೆ ಅದು ಮೋಸವೆಂದು ತಿಳಿಯಿರಿ. ಒಳ್ಳೆಯ ಸೆಲ್ಲುಗಳೇ 3,600ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಲಿಥಿಯಂ ಸೆಲ್ಲಿಗೆ ಐ.ಎಸ್. 16046ರ ಪ್ರಕಾರ ಬಿಐಎಸ್ ನೋಂದಣಿಯ ಗುರುತು ಇದೆಯೇ ನೋಡಿ. ಉಬ್ಬಿದ ಬ್ಯಾಟರಿಯನ್ನು ಬಳಸಬೇಡಿ, ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಹಿಂದೆ ಸೆಲ್ಲು ಎಸೆಯುತ್ತಿದ್ದೆವು, ಟಾರ್ಚು ಇಪ್ಪತ್ತು ವರ್ಷ ಬಾಳುತ್ತಿತ್ತು. ಬಲ್ಬು, ಸ್ಪ್ರಿಂಗು, ಮುಚ್ಚಳ ಎಲ್ಲವೂ ಬಿಡಿಯಾಗಿ ಸಿಗುತ್ತಿದ್ದವು. ಈಗಿನ ಅಗ್ಗದ ಚಾರ್ಜ್ ಟಾರ್ಚುಗಳಲ್ಲಿ ಸೆಲ್ಲು ಒಳಗೇ ಅಂಟಿರುತ್ತದೆ. ಅದು ಸತ್ತ ದಿನ ಟಾರ್ಚನ್ನೇ ಎಸೆಯಬೇಕು. ಹೆಸರು ಮಾತ್ರ ಮರುಬಳಕೆ, ಪರಿಣಾಮ ಮೊದಲಿಗಿಂತ ದೊಡ್ಡ ಕಸ. ಆದ್ದರಿಂದ ತಿರುಪು ಬಿಚ್ಚಿ ಸೆಲ್ಲು ಬದಲಿಸಬಹುದಾದ ಟಾರ್ಚನ್ನೇ ಕೇಳಿ ಕೊಳ್ಳಿ.

ಎಸೆಯುವ ಮುನ್ನ

ಸೀಸದ ಬ್ಯಾಟರಿಯನ್ನು ಅಂಗಡಿಗೆ ಹಿಂದಿರುಗಿಸುವ ನಿಯಮ 2001ರಲ್ಲಿಯೇ ಬಂದಿತ್ತು. ಹಳೆಯ ಬ್ಯಾಟರಿಗೆ ಬೆಲೆ ಸಿಗುವುದರಿಂದ ಜನರೂ ಅದನ್ನು ಮರಳಿಸುತ್ತಾರೆ. ಸಣ್ಣ ಸೆಲ್ಲಿಗೆ ಬೆಲೆಯಿಲ್ಲ. ಅದು ತಿಪ್ಪೆ ಸೇರುತ್ತದೆ, ತಿಪ್ಪೆಯ ಗೊಬ್ಬರ ಗದ್ದೆ ಸೇರುತ್ತದೆ. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡು, ಅವುಗಳನ್ನು ಸಂಗ್ರಹಿಸಿ ಮರುಬಳಕೆ ಮಾಡಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿದವು. ಬ್ಯಾಟರಿಯ ಮೇಲೆ ಅಡ್ಡಗೆರೆ ಹೊಡೆದ ಕಸದ ಡಬ್ಬಿಯ ಚಿತ್ರವಿದ್ದರೆ ಅದರ ಅರ್ಥ ಇದೇ. ಆದರೆ ಕಾನೂನು ಹಳ್ಳಿಯ ತಿಪ್ಪೆಯವರೆಗೆ ತಾನಾಗಿ ನಡೆದು ಬರುವುದಿಲ್ಲ. ಪ್ರತಿ ಶಾಲೆಯಲ್ಲಿ ಒಂದು ಮುಚ್ಚಳದ ಡಬ್ಬಿ ಇಟ್ಟು, ಮಕ್ಕಳು ಮನೆಯಿಂದ ತಂದ ಸತ್ತ ಸೆಲ್ಲುಗಳನ್ನು ತುದಿಗೆ ಟೇಪು ಸುತ್ತಿ ಅದರಲ್ಲಿ ಹಾಕಿಸಿ, ತುಂಬಿದಾಗ ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸುವುದು ಹೆಚ್ಚು ಖರ್ಚಿಲ್ಲದ ಕೆಲಸ. ಒಮ್ಮೆ ಸೆಲ್ಲು ಒಡೆದು ಬೋರ್ಡಿಗೆ ಕಪ್ಪು ಬಳಿದ ಶಾಲೆಗಳೇ ಈ ಕೆಲಸವನ್ನು ಆರಂಭಿಸಲಿ.

ಕತ್ತಲೆಯಲ್ಲಿ ಓದಿದ ತಲೆಮಾರು ನಮಗೆ ವಿದ್ಯೆಯ ಬೆಲೆಯನ್ನು ಕಲಿಸಿತು. ಬೆಳಕಿನಲ್ಲಿ ಓದುತ್ತಿರುವ ತಲೆಮಾರು ಆ ಬೆಳಕಿನ ಬೆಲೆಯನ್ನೂ ಅರಿಯಬೇಕು. ಅದರ ಕಸ ಯಾರ ಗದ್ದೆಗೂ ಯಾರ ಕೆರೆಗೂ ಸೇರದಂತೆ ನೋಡಿಕೊಳ್ಳುವುದು ಆ ಅರಿವಿನ ಮೊದಲ ಹೆಜ್ಜೆ.