ನಿಸೂರ್ ಚೌಕ ಮತ್ತು ಕಾನೂನಿನ ಒಂದು ತುಂಡು ವಾಕ್ಯ

ನನಗೊಂದು ವಿಚಿತ್ರ ಚಟ ಇದೆ. ಅಮೆರಿಕದ ಕಾಂಗ್ರೆಸ್ಸಿನ ಸಮಿತಿಗಳು ನಡೆಸುವ ವಿಚಾರಣೆಗಳ ಟ್ರಾನ್ಸ್‌ಕ್ರಿಪ್ಟ್ ಓದೋದು. (ಕಾಂಗ್ರೆಸ್ ಅಂದ್ರೆ ನಮ್ಮ ಕೈ ಗುರುತಿನ ಪಕ್ಷ ಅಲ್ಲ, ಅವರ ಸಂಸತ್ತು.) ಕೆಲವರು ರಾತ್ರಿ ಊಟ ಆದ್ಮೇಲೆ ಹಳೇ ಕ್ರಿಕೆಟ್ ಮ್ಯಾಚುಗಳ ಹೈಲೈಟ್ಸ್ ನೋಡ್ತಾರಲ್ಲ, ಹಾಗೆ. ಇದರಲ್ಲಿ ಬೇಜಾರಿನ ಪುಟಗಳೇ ಜಾಸ್ತಿ, ಆದರೆ ನಡುವೆ ಎಲ್ಲೋ ಒಂದು ಕಡೆ ಯಾರೋ ಒಬ್ಬರು ಬೆವರೋದು ಅಕ್ಷರದಲ್ಲೇ ಕಾಣಿಸುತ್ತೆ. ಆ ಪುಟಕ್ಕೋಸ್ಕರ ಉಳಿದ ನೂರು ಪುಟ ಸಹಿಸಿಕೊಳ್ಳಬಹುದು.

ನಾನು ಅತಿ ಹೆಚ್ಚು ಸಲ ಓದಿರೋದು 2007ರ ಅಕ್ಟೋಬರ್ 2ರ ವಿಚಾರಣೆ. ಕೆಳಮನೆಯ ಮೇಲ್ವಿಚಾರಣಾ ಸಮಿತಿ, ಅಧ್ಯಕ್ಷರು ಹೆನ್ರಿ ವ್ಯಾಕ್ಸ್‌ಮನ್. ಎದುರು ಕುರ್ಚಿಯಲ್ಲಿ ಬ್ಲ್ಯಾಕ್‌ವಾಟರ್ ಕಂಪನಿಯ ಮಾಲೀಕ ಎರಿಕ್ ಪ್ರಿನ್ಸ್. ನಾನಾಗ ಇನ್ನೂ ಪ್ರೈಮರಿ ಸ್ಕೂಲು, ಹಾಗಾಗಿ ಇದೆಲ್ಲ ನನಗೆ ನೆನಪಲ್ಲ, ಇತಿಹಾಸ.

ಹಿನ್ನೆಲೆ ಸ್ವಲ್ಪ ಹೇಳಿಬಿಡ್ತೀನಿ. 1983ರಲ್ಲಿ ಬೈರುತ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿಗೆ ಬಾಂಬ್ ಬಿದ್ದು 63 ಜನ ಸತ್ತರು. ಆಮೇಲೆ 1986ರಲ್ಲಿ ಕಾಂಗ್ರೆಸ್ ಒಂದು ಕಾನೂನು ಮಾಡಿ ವಿದೇಶಾಂಗ ಇಲಾಖೆಯೊಳಗೆ 'ಡಿಪ್ಲೊಮ್ಯಾಟಿಕ್ ಸೆಕ್ಯುರಿಟಿ' ಅನ್ನೋ ವಿಭಾಗಕ್ಕೆ ಗಟ್ಟಿ ಆಧಾರ ಕೊಟ್ಟಿತು. ಹೊರದೇಶಗಳಲ್ಲಿರೋ ರಾಯಭಾರಿಗಳನ್ನ ಕಾಯೋದು ಇವರ ಕೆಲಸ. ಆದರೆ ಇವರು ಇಡೀ ಪ್ರಪಂಚಕ್ಕೆ ಸೇರಿ ಸಾವಿರದೈನೂರರ ಆಸುಪಾಸು. ಇರಾಕ್ ಯುದ್ಧ ಶುರುವಾದಾಗ ಬಾಗ್ದಾದ್ ಒಂದಕ್ಕೇ ಅಷ್ಟು ಜನ ಬೇಕಾಯ್ತು. ಜನ ಸಾಲದಿದ್ದರೆ ಏನು ಮಾಡ್ತಾರೆ? ನಮ್ಮ ಐಟಿ ಕಂಪನಿಗಳು ಮಾಡೋದನ್ನೇ ಮಾಡಿದರು, ಕಾಂಟ್ರ್ಯಾಕ್ಟರ್‌ಗಳನ್ನ ತಗೊಂಡ್ರು. ಬ್ಲ್ಯಾಕ್‌ವಾಟರ್, ಡೈನ್‌ಕಾರ್ಪ್, ಟ್ರಿಪಲ್ ಕ್ಯಾನಪಿ. ಕೆಲಸ ಸರಕಾರದ್ದು, ಸಂಬಳ ಕಂಪನಿಯದ್ದು, ಕೈಯಲ್ಲಿ ಮೆಷಿನ್ ಗನ್ನು.

ಇನ್ನೊಂದು ಕಡೆ, 2004ರ ಜೂನ್ 27ರಂದು, ಅಂದ್ರೆ ಇರಾಕಿಗೆ ಅಧಿಕಾರ ವಾಪಸ್ ಕೊಡೋ ಹಿಂದಿನ ದಿನ, ಅಮೆರಿಕದ ಆಡಳಿತಾಧಿಕಾರಿ ಪಾಲ್ ಬ್ರೆಮರ್ 'ಆದೇಶ 17'ಕ್ಕೆ ಸಹಿ ಹಾಕಿದರು. ಕಾಂಟ್ರ್ಯಾಕ್ಟರ್‌ಗಳು ತಮ್ಮ ಕೆಲಸದ ಭಾಗವಾಗಿ ಮಾಡಿದ್ದಕ್ಕೆ ಇರಾಕಿನ ಕೋರ್ಟಿನಲ್ಲಿ ಕೇಸು ಹಾಕೋ ಹಾಗಿಲ್ಲ ಅಂತ. ಆ ಬ್ರೆಮರ್‌ಗೆ ಕಾವಲಿದ್ದವರು ಯಾರು ಗೊತ್ತಾ? ಬ್ಲ್ಯಾಕ್‌ವಾಟರ್‌ನವರೇ!

2007ರ ಸೆಪ್ಟೆಂಬರ್ 16ರ ಮಧ್ಯಾಹ್ನ ಬಾಗ್ದಾದ್‌ನ ನಿಸೂರ್ ಚೌಕಕ್ಕೆ ಈ ಕಂಪನಿಯ ನಾಲ್ಕು ಶಸ್ತ್ರಸಜ್ಜಿತ ಗಾಡಿಗಳು ಬಂದು ಟ್ರಾಫಿಕ್ ನಿಲ್ಲಿಸಿದವು. ಒಟ್ಟು 19 ಜನ. ನಿಂತ ಟ್ರಾಫಿಕ್ಕಿನಲ್ಲಿ ಒಂದು ಬಿಳೀ ಕಿಯಾ ಕಾರು, ಓಡಿಸ್ತಿದ್ದವನು ಒಬ್ಬ ಮೆಡಿಕಲ್ ವಿದ್ಯಾರ್ಥಿ, ಪಕ್ಕದಲ್ಲಿ ಅವನಮ್ಮ, ಆಕೆ ಡಾಕ್ಟರು. ಮೊದಲ ಗುಂಡು ಬಿದ್ದದ್ದು ಅವನಿಗೆ. ಕೆಲವೇ ನಿಮಿಷ ಅಷ್ಟೆ. ಇರಾಕ್ ಸರಕಾರದ ತನಿಖೆಯ ಪ್ರಕಾರ ಸತ್ತವರು 17 ಜನ. ಅದರಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗನೂ ಇದ್ದ. ಕಾವಲುಗಾರರು ತಮ್ಮ ಮೇಲೆ ದಾಳಿಯಾಯ್ತು ಅಂದರು. ಆದರೆ ಎಫ್‌ಬಿಐ ತನಿಖೆಯೂ ಹೆಚ್ಚಿನ ಸಾವುಗಳಿಗೆ ಸಮರ್ಥನೆ ಇಲ್ಲ ಅಂತಲೇ ಹೇಳಿತು.

ಎರಡು ವಾರ ಕಳೆದು ವ್ಯಾಕ್ಸ್‌ಮನ್ ಸಮಿತಿ ಸೇರಿತು. ಇಲ್ಲೇ ಮೊದಲ ತಮಾಷೆ. ಹಿಂದಿನ ದಿನ ನ್ಯಾಯ ಇಲಾಖೆಯಿಂದ ಒಂದು ಕೋರಿಕೆ ಬಂದಿತ್ತು: ಎಫ್‌ಬಿಐ ತನಿಖೆ ಶುರುವಾಗಿದೆ, ದಯವಿಟ್ಟು ಸೆಪ್ಟೆಂಬರ್ 16ರ ಬಗ್ಗೆ ಕೇಳಬೇಡಿ ಅಂತ. ಸಮಿತಿ ಒಪ್ಪಿಕೊಂಡಿತು. ಅಂದರೆ ಇಡೀ ದೇಶ ಯಾವ ವಿಷಯಕ್ಕಾಗಿ ಟಿವಿ ಮುಂದೆ ಕೂತಿತ್ತೋ ಅದನ್ನ ಬಿಟ್ಟು ಬೇರೆಲ್ಲ ಮಾತಾಡಿದರು!

ಆದರೆ ಆ 'ಬೇರೆಲ್ಲ' ಕಡಿಮೆಯದ್ದಲ್ಲ. ಸಮಿತಿಯ ಸಿಬ್ಬಂದಿ ಕಂಪನಿಯ ಮತ್ತು ಇಲಾಖೆಯ ಕಡತ, ಈಮೇಲ್ ಎಲ್ಲ ತರಿಸಿಕೊಂಡು ಕೂತು ಲೆಕ್ಕ ಹಾಕಿದ್ದರು. 2005ರಿಂದ ಗುಂಡು ಹಾರಿದ ಘಟನೆಗಳು 195. ಅದರಲ್ಲಿ 163 ಸಲ ಮೊದಲು ಗುಂಡು ಹಾರಿಸಿದ್ದು ಬ್ಲ್ಯಾಕ್‌ವಾಟರ್‌ನವರೇ. ಕಾಂಟ್ರ್ಯಾಕ್ಟಿನ ಪ್ರಕಾರ ಅವರು ಗುಂಡು ಹಾರಿಸಬೇಕಾದ್ದು ಆತ್ಮರಕ್ಷಣೆಗೆ ಮಾತ್ರ. ಕೆಲಸದಿಂದ ತೆಗೆದುಹಾಕಿದವರು 122 ಜನ. ಒಬ್ಬ ಕಾವಲುಗಾರನಿಗೆ ಸರಕಾರ ಕೊಡ್ತಿದ್ದ ದಿನದ ಬಿಲ್ 1,222 ಡಾಲರ್, ಅಂದರೆ ವರ್ಷಕ್ಕೆ 4,45,000 ಡಾಲರ್. ಅದೇ ಮಟ್ಟದ ಒಬ್ಬ ಸೈನಿಕನ ಖರ್ಚಿನ ಆರು ಪಟ್ಟಿಗಿಂತ ಜಾಸ್ತಿ.

ನನ್ನನ್ನ ನಿಲ್ಲಿಸಿದ್ದು ಇನ್ನೊಂದು ಕಡತ. 2006ರ ಕ್ರಿಸ್ಮಸ್‌ನ ಹಿಂದಿನ ರಾತ್ರಿ ಕುಡಿದ ಒಬ್ಬ ಬ್ಲ್ಯಾಕ್‌ವಾಟರ್ ಕಾವಲುಗಾರ, ಇರಾಕಿನ ಉಪಾಧ್ಯಕ್ಷರ ಅಂಗರಕ್ಷಕನನ್ನ ಗುಂಡಿಟ್ಟು ಕೊಂದ. ಕಂಪನಿ ಅವನನ್ನ ಕೆಲಸದಿಂದ ತೆಗೀತು. 36 ಗಂಟೆಯೊಳಗೆ ಅವನು ಇರಾಕ್ ಬಿಟ್ಟು ಮನೆಗೆ ಹೊರಟಾಗಿತ್ತು, ವ್ಯವಸ್ಥೆಗೆ ವಿದೇಶಾಂಗ ಇಲಾಖೆಯ ಒಪ್ಪಿಗೆಯೂ ಇತ್ತು. ಆಮೇಲೆ ಈಮೇಲ್‌ಗಳಲ್ಲಿ ಚೌಕಾಸಿ. ಸತ್ತವನ ಮನೆಯವರಿಗೆ ಎರಡೂವರೆ ಲಕ್ಷ ಡಾಲರ್ ಕೊಡಿಸೋಣ ಅಂತ ಬಾಗ್ದಾದ್‌ನ ರಾಯಭಾರ ಕಚೇರಿಯ ಹಿರಿಯ ಅಧಿಕಾರಿ ಸೂಚಿಸಿದರೆ, ಭದ್ರತಾ ವಿಭಾಗದವರು ಅಷ್ಟೆಲ್ಲ ಕೊಟ್ಟರೆ ಇರಾಕಿಗಳು ದುಡ್ಡಿಗಾಗಿ ಬೇಕೂಂತಲೇ ಸಾಯೋಕೆ ಬರ್ತಾರೆ ಅನ್ನೋ ಅರ್ಥದಲ್ಲಿ ಬರೆದರು. ಕೊನೆಗೆ ಒಪ್ಪಿದ್ದು 15,000 ಡಾಲರಿಗೆ. ಎರಡೇ ತಿಂಗಳಲ್ಲಿ ಆ ಮನುಷ್ಯನಿಗೆ ಕುವೈತ್‌ನಲ್ಲಿ ಇನ್ನೊಂದು ಕಾಂಟ್ರ್ಯಾಕ್ಟ್ ಕಂಪನಿಯ ಕೆಲಸ ಸಿಕ್ಕಿತ್ತು, ಅದೂ ಅಮೆರಿಕದ ಸೇನೆಗೇ ಸಂಬಂಧಿಸಿದ್ದು.

ಅವನನ್ನ ಯಾಕೆ ಬಿಟ್ಟಿರಿ ಅಂತ ಸಮಿತಿ ಕೇಳಿದಾಗ ಪ್ರಿನ್ಸ್ ಕೊಟ್ಟ ಉತ್ತರದ ಸಾರಾಂಶ: ಕೆಲಸದಿಂದ ತೆಗೆದೆವು, ದಂಡ ಹಾಕಿದೆವು, ಖಾಸಗಿ ಕಂಪನಿಯಾಗಿ ಅವನಿಗೆ ಛಡಿ ಏಟು ಕೊಡೋಕಾಗಲ್ಲ, ಜೈಲಿಗೆ ಹಾಕೋಕಾಗಲ್ಲ. ಓದಿದಾಗ ಸಿಟ್ಟು ಬರುತ್ತೆ. ಆದರೆ ಎರಡನೇ ಸಲ ಓದಿದಾಗ ಅನ್ನಿಸಿತು, ಪ್ರಿನ್ಸ್ ಹೇಳಿದ್ದು ಸರಿಯಾಗೇ ಇದೆಯಲ್ಲ! ಜೈಲಿಗೆ ಹಾಕಬೇಕಾದ ಕಾನೂನು ಬರೆಯೋದು ಯಾರ ಕೆಲಸ? ಪ್ರಶ್ನೆ ಕೇಳ್ತಾ ಮೇಲೆ ಕೂತಿದ್ದವರದ್ದೇ.

ಅದಕ್ಕೆ ಬರೋ ಮುಂಚೆ ನವೆಂಬರ್ 14ರ ವಿಚಾರಣೆ ಬಗ್ಗೆ ಹೇಳಲೇಬೇಕು, ಇಲ್ಲದಿದ್ದರೆ ನನಗೆ ಸಮಾಧಾನ ಇಲ್ಲ. ಅವತ್ತಿನ ಸಾಕ್ಷಿ ಹೋವರ್ಡ್ ಕ್ರಾಂಗಾರ್ಡ್, ವಿದೇಶಾಂಗ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್. ಇಲಾಖೆಯೊಳಗಿನ ತಪ್ಪು ಹುಡುಕೋದೇ ಇವರ ಹುದ್ದೆ. ಅವರ ಅಣ್ಣತಮ್ಮ ಆಲ್ವಿನ್ ಕ್ರಾಂಗಾರ್ಡ್ ಒಂದು ಕಾಲದಲ್ಲಿ ಸಿಐಎಯ ದೊಡ್ಡ ಅಧಿಕಾರಿ. ಆತನಿಗೂ ಬ್ಲ್ಯಾಕ್‌ವಾಟರಿಗೂ ಸಂಬಂಧ ಇದೆಯಾ ಅಂತ ಕೇಳಿದರು. ಇಲ್ಲವೇ ಇಲ್ಲ ಅಂದರು ಹೋವರ್ಡ್. ವಿರಾಮ ಬಂತು. ಹೊರಗೆ ಹೋಗಿ ಮನೆಗೆ ಫೋನ್ ಮಾಡಿದರು. ವಾಪಸ್ ಬಂದು ಕುರ್ಚಿಯಲ್ಲಿ ಕೂತು, ಈಗಷ್ಟೇ ಮಾತಾಡಿದೆ, ಆತ ಬ್ಲ್ಯಾಕ್‌ವಾಟರಿನ ಸಲಹಾ ಮಂಡಳಿಯಲ್ಲಿದ್ದಾನಂತೆ, ಇನ್ನು ಮುಂದೆ ಈ ಕಂಪನಿಯ ವಿಷಯದಲ್ಲಿ ನಾನು ಕೈ ಹಾಕಲ್ಲ ಅಂದರು. ಯಾವ ಸಿನಿಮಾದವರೂ ಇಂಥ ಇಂಟರ್ವಲ್ ಬರೆಯೋಕಾಗಲ್ಲ ಬಿಡಿ. ಡಿಸೆಂಬರಿನಲ್ಲಿ ಅವರು ರಾಜೀನಾಮೆ ಘೋಷಿಸಿದರು. ಭದ್ರತಾ ವಿಭಾಗದ ಮುಖ್ಯಸ್ಥ ರಿಚರ್ಡ್ ಗ್ರಿಫಿನ್ ಅಕ್ಟೋಬರಿನಲ್ಲೇ ರಾಜೀನಾಮೆ ಕೊಟ್ಟಾಗಿತ್ತು.

ಅಂದರೆ ಸಮಿತಿಗೆ ಹಲ್ಲಿರಲಿಲ್ಲ ಅಂತ ಹೇಳೋ ಹಾಗಿಲ್ಲ. ಅವರು ಕಚ್ಚಿದರು, ರಕ್ತವೂ ಬಂತು. ಸಮಸ್ಯೆ ಇದ್ದದ್ದು ಕಾನೂನಿನಲ್ಲಿ, ಐವತ್ತು ವರ್ಷ ಹಳೇದು.

1957ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಇಬ್ಬರು ಹೆಂಗಸರ ಪ್ರಕರಣ ಇತ್ತು. ಇಬ್ಬರೂ ಸೇನೆಯವರ ಹೆಂಡಂದಿರು, ಒಬ್ಬಾಕೆ ಇಂಗ್ಲೆಂಡಿನಲ್ಲಿ, ಒಬ್ಬಾಕೆ ಜಪಾನಿನಲ್ಲಿ ಗಂಡನನ್ನ ಕೊಂದವರು. ಮಿಲಿಟರಿ ಕೋರ್ಟು ಶಿಕ್ಷೆ ಕೊಟ್ಟಿತ್ತು. ಸುಪ್ರೀಂ ಕೋರ್ಟು 1956ರಲ್ಲಿ ಸರಿ ಅಂದದ್ದನ್ನ ಮರುವರ್ಷ ತಾನೇ ತಿರುಗಿಸಿ, ಸೈನಿಕರಲ್ಲದವರನ್ನ ಹೀಗೆ ಮಿಲಿಟರಿ ಕೋರ್ಟಿಗೆ ಎಳೆಯೋ ಹಾಗಿಲ್ಲ ಅಂದಿತು. ಒಳ್ಳೇ ತೀರ್ಪೇ. ಆದರೆ ಅಮೆರಿಕದ ಸಾಮಾನ್ಯ ಕ್ರಿಮಿನಲ್ ಕಾನೂನು ಹೆಚ್ಚಾಗಿ ಅವರ ನೆಲಕ್ಕೆ ಅಂಟಿಕೊಂಡದ್ದು. ಹಾಗಾದರೆ ಹೊರದೇಶದಲ್ಲಿ ಸೇನೆ ಜೊತೆ ಇರೋ ನಾಗರಿಕ ಕೊಲೆ ಮಾಡಿದರೆ, ಆ ದೇಶ ಕೇಸು ಹಾಕದಿದ್ದರೆ? ಯಾವ ಕೋರ್ಟೂ ಇಲ್ಲ. ಈ ತೂತು ಮುಚ್ಚೋಕೆ ಕಾಂಗ್ರೆಸ್ 43 ವರ್ಷ ತಗೊಂಡಿತು.

(ನಮ್ಮಲ್ಲಿ ನೋಡಿ, 1860ರ ದಂಡ ಸಂಹಿತೆಯ 4ನೇ ಸೆಕ್ಷನ್ನೇ ಭಾರತದ ಪ್ರಜೆ ಪ್ರಪಂಚದ ಯಾವ ಮೂಲೆಯಲ್ಲಿ ಅಪರಾಧ ಮಾಡಿದರೂ ಅನ್ವಯ ಅಂತಿತ್ತು. 2024ರ ಜುಲೈನಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲೂ ಅದೇ ಇದೆ. ವಿಚಾರಣೆಗೆ ಕೇಂದ್ರ ಸರಕಾರದ ಅನುಮತಿ ಬೇಕು, ಅದು ಬೇರೆ ಮಾತು. ಹಾಗಂತ ಬೀಗಬೇಕಾಗಿಲ್ಲ. ನಮ್ಮ ರಾ ಸಂಸ್ಥೆಯನ್ನ ಸಂಸತ್ತಿನ ಸಮಿತಿಯೊಂದರ ಕೆಳಗೆ ತರೋಕೆ ಮನೀಶ್ ತಿವಾರಿ 2011ರಲ್ಲಿ ತಂದ ಖಾಸಗಿ ಮಸೂದೆ ಚರ್ಚೆಯ ಹಂತ ದಾಟಲೇ ಇಲ್ಲ.)

2000ದಲ್ಲಿ ಕೊನೆಗೂ ಕಾನೂನು ಬಂತು. ಜರ್ಮನಿಯ ಸೇನಾ ನೆಲೆಯಲ್ಲಿ ಮಗುವಿನ ಮೇಲೆ ದೌರ್ಜನ್ಯ ಮಾಡಿದ ಒಬ್ಬನನ್ನ, ತಮಗೆ ಅಧಿಕಾರವಿಲ್ಲ ಅನ್ನೋ ಒಂದೇ ಕಾರಣಕ್ಕೆ ನ್ಯೂಯಾರ್ಕಿನ ಮೇಲ್ಮನವಿ ಕೋರ್ಟು ಬಿಡಬೇಕಾಯ್ತು. ಎಷ್ಟು ಬೇಸರ ಆಗಿತ್ತೋ, ನ್ಯಾಯಾಧೀಶರು ತೀರ್ಪಿನ ಪ್ರತಿಯನ್ನ ಕಾಂಗ್ರೆಸ್ಸಿನ ಸಮಿತಿಗಳ ಅಧ್ಯಕ್ಷರಿಗೆ ಕಳಿಸಿ ಅಂತ ತೀರ್ಪಿನಲ್ಲೇ ಬರೆದರು. ಅದೇ ವರ್ಷದ ನವೆಂಬರಿನಲ್ಲಿ ಕಾನೂನಾಯ್ತು: ಹೊರದೇಶದಲ್ಲಿ ರಕ್ಷಣಾ ಇಲಾಖೆಗೆ ಕೆಲಸ ಮಾಡೋ ನಾಗರಿಕರ ಮೇಲೆ ಅಮೆರಿಕದಲ್ಲೇ ಕೇಸು ಹಾಕಬಹುದು.

2004ರಲ್ಲಿ ಅಬು ಘ್ರೈಬ್ ಜೈಲಿನ ಫೋಟೋಗಳು ಬಂದಾಗ ಗೊತ್ತಾಯ್ತು, ಅಲ್ಲಿ ವಿಚಾರಣೆ ಮಾಡ್ತಿದ್ದ ಕೆಲವು ಖಾಸಗಿಯವರ ಕಾಂಟ್ರ್ಯಾಕ್ಟು ರಕ್ಷಣಾ ಇಲಾಖೆಯದ್ದೇ ಅಲ್ಲ, ಆಂತರಿಕ ಇಲಾಖೆಯದ್ದು! ಅಮೆರಿಕದಲ್ಲಿ ಈ ಇಲಾಖೆ ನೋಡಿಕೊಳ್ಳೋದು ರಾಷ್ಟ್ರೀಯ ಉದ್ಯಾನಗಳನ್ನ. ಕಾಂಗ್ರೆಸ್ ಮತ್ತೆ ತಿದ್ದುಪಡಿ ಮಾಡಿತು. ಬೇರೆ ಇಲಾಖೆಗಳ ಕಾಂಟ್ರ್ಯಾಕ್ಟರ್‌ಗಳಿಗೂ ಅನ್ವಯ, ಆದರೆ ಅವರ ಕೆಲಸ ಹೊರದೇಶದಲ್ಲಿ ರಕ್ಷಣಾ ಇಲಾಖೆಯ ಉದ್ದೇಶಕ್ಕೆ ನೆರವಾಗುವ ಮಟ್ಟಿಗೆ ಮಾತ್ರ.

ಆ ಬಾಲದ ತುಂಡು ವಾಕ್ಯ ನೋಡಿದ್ರಾ? ನಮ್ಮ ಕೆಲಸದಲ್ಲಿ ಇಂಥದ್ದನ್ನ ದಿನಾ ನೋಡ್ತೀನಿ. ಕಸ್ಟಮರ್ ಯಾವ ಇನ್‌ಪುಟ್ ಕೊಟ್ಟು ಪ್ರೋಗ್ರಾಂ ಬಿತ್ತೋ ಆ ಇನ್‌ಪುಟ್ಟಿಗೆ ಮಾತ್ರ ಒಂದು 'ಇಫ್' ಸೇರಿಸಿ ಟಿಕೆಟ್ ಮುಚ್ಚೋದು. ಮುಂದಿನ ಇನ್‌ಪುಟ್ ಬರೋವರೆಗೂ ಎಲ್ಲಾ ಹಸಿರು. ಬಾಗ್ದಾದ್‌ನ ರಾಯಭಾರಿಯನ್ನ ಕಾಯೋದು ವಿದೇಶಾಂಗ ಇಲಾಖೆಯ ಉದ್ದೇಶವೋ, ರಕ್ಷಣಾ ಇಲಾಖೆಯದ್ದೋ? 2004ರಲ್ಲಿ ಇದನ್ನ ಯಾರೂ ಬಗೆಹರಿಸಿಡಲಿಲ್ಲ.

ವ್ಯಾಕ್ಸ್‌ಮನ್ ವಿಚಾರಣೆಯಾಗಿ ಎರಡೇ ದಿನಕ್ಕೆ, ಅಕ್ಟೋಬರ್ 4ರಂದು, ಆ ತುಂಡನ್ನ ಸರಿಮಾಡೋ ಮಸೂದೆ ಕೆಳಮನೆಯಲ್ಲಿ 389-30 ಮತಗಳಿಂದ ಪಾಸಾಯ್ತು. ಮಂಡಿಸಿದವರು ಡೇವಿಡ್ ಪ್ರೈಸ್, ಬ್ಲ್ಯಾಕ್‌ವಾಟರಿನ ತವರು ಉತ್ತರ ಕ್ಯಾರೊಲೈನಾದವರೇ. ಯುದ್ಧಭೂಮಿಯಲ್ಲಿರೋ ಕಾಂಟ್ರ್ಯಾಕ್ಟರ್ ಯಾವ ಇಲಾಖೆಯವನೇ ಆಗಲಿ, ಕಾನೂನು ಅನ್ವಯ. ರಾಷ್ಟ್ರೀಯ ಭದ್ರತೆಗೆ ತೊಂದರೆ ಅಂತ ಶ್ವೇತಭವನ ವಿರೋಧಿಸಿತು. ಮೇಲ್ಮನೆಯಲ್ಲಿ ಅಂಥದ್ದೇ ಮಸೂದೆ ತಂದದ್ದು ಆಗಿನ್ನೂ ಸೆನೆಟರ್ ಆಗಿದ್ದ ಬರಾಕ್ ಒಬಾಮಾ. ಅಲ್ಲಿ ಅದು ಮಲಗಿತು. ಮುಂದೆ ಒಬಾಮಾ ಅಧ್ಯಕ್ಷರಾದ ಮೇಲೂ ಪ್ರೈಸ್ ಮತ್ತು ಸೆನೆಟರ್ ಲೇಹಿ ಇದನ್ನ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ತಂದರು. ಗುಪ್ತಚರ ಸಿಬ್ಬಂದಿಗೆ ವಿನಾಯಿತಿ ಎಷ್ಟು ಕೊಡಬೇಕು ಅನ್ನೋ ಜಗ್ಗಾಟದಲ್ಲೇ ಅದು ಸಿಕ್ಕಿಬಿತ್ತು.

ಕೇಸಿನ ಕಥೆ ಬೇಗ ಹೇಳ್ತೀನಿ, ಅದು ಹದಿಮೂರು ವರ್ಷ ಎಳೆದಿದೆ. ಘಟನೆಯಾದ ಕೆಲವೇ ಗಂಟೆಗಳಲ್ಲಿ ಡಿಪ್ಲೊಮ್ಯಾಟಿಕ್ ಸೆಕ್ಯುರಿಟಿಯ ತನಿಖಾಧಿಕಾರಿಗಳೇ, ನೀವು ಹೇಳಿದ್ದನ್ನ ಕ್ರಿಮಿನಲ್ ಕೇಸಿನಲ್ಲಿ ಬಳಸಲ್ಲ ಅನ್ನೋ ಭರವಸೆ ಮೇಲೆ ಕಾವಲುಗಾರರ ಹೇಳಿಕೆ ತಗೊಂಡಿದ್ದರು. ಆ ಹೇಳಿಕೆಗಳು ಕೇಸಿನೊಳಗೆ ಸೋರಿದ್ದವು ಅಂತ 2009ರ ಡಿಸೆಂಬರ್ 31ರಂದು ನ್ಯಾಯಾಧೀಶ ಉರ್ಬಿನಾ ಇಡೀ ಕೇಸನ್ನೇ ವಜಾ ಮಾಡಿದರು. 2011ರಲ್ಲಿ ಮೇಲ್ಮನವಿಯಲ್ಲಿ ಜೀವ ಬಂತು. 2014ರಲ್ಲಿ ನಾಲ್ವರು ತಪ್ಪಿತಸ್ಥರು ಅಂತಾಯ್ತು. ಸಾಕ್ಷಿ ಹೇಳೋಕೆ ಬಾಗ್ದಾದ್‌ನಿಂದ ವಾಷಿಂಗ್ಟನ್ನಿಗೆ ಇರಾಕಿಗಳು ಬಂದಿದ್ದರು.

ನಾಲ್ವರ ವಕೀಲರು ಕೋರ್ಟಿನಲ್ಲಿ ಹಿಡಿದದ್ದರಲ್ಲಿ ಆ ತುಂಡು ವಾಕ್ಯವೂ ಒಂದು: ನಮ್ಮವರು ವಿದೇಶಾಂಗ ಇಲಾಖೆಯ ಕಾವಲಿನವರು, ಈ ಕಾನೂನು ತಾಗೋದಿಲ್ಲ ಅಂತ. ರಾಯಭಾರಿಗಳನ್ನ ಇವರು ಕಾದದ್ದರಿಂದ ಸೈನಿಕರಿಗೆ ಆ ಕೆಲಸ ತಪ್ಪಿತು, ಹಾಗಾಗಿ ಅದು ರಕ್ಷಣಾ ಇಲಾಖೆಗೂ ನೆರವೇ ಅನ್ನೋ ಸರಕಾರದ ವಾದವನ್ನ 2017ರಲ್ಲಿ ಮೇಲ್ಮನವಿ ಕೋರ್ಟು ಒಪ್ಪಿತು. ಇರಾಕಿನಲ್ಲಿ ಲಕ್ಷಾಂತರ ಸೈನಿಕರಿದ್ದರು ಅಂತ ಈ ವಾದ ನಿಂತಿತು. ಸೇನೆಯೇ ಇಲ್ಲದ ದೇಶದಲ್ಲಿ ನಿಲ್ಲುತ್ತಾ, ನನಗೆ ಅನುಮಾನ. ಅದೇ ಕೋರ್ಟು ಮೊದಲ ಗುಂಡಿನವನಿಗೆ ಹೊಸ ವಿಚಾರಣೆ, ಉಳಿದ ಮೂವರ 30 ವರ್ಷದ ಶಿಕ್ಷೆ ಮರುಪರಿಶೀಲನೆ ಅಂತಲೂ ಹೇಳಿತು. 2019ರಲ್ಲಿ ಅವನಿಗೆ ಮತ್ತೆ ಜೀವಾವಧಿ, ಮೂವರಿಗೆ 12ರಿಂದ 15 ವರ್ಷದ ನಡುವೆ.

ಆ ಕ್ರಿಸ್ಮಸ್ ರಾತ್ರಿಯ ಕಾವಲುಗಾರನ ಮೇಲೆ ಕೇಸು ಹಾಕೋದಿಲ್ಲ ಅಂತ ನ್ಯಾಯ ಇಲಾಖೆ 2010ರಲ್ಲೇ ತೀರ್ಮಾನಿಸಿತ್ತು. ನಿಸೂರ್ ಚೌಕದ ನಾಲ್ವರಿಗೂ 2020ರ ಡಿಸೆಂಬರ್ 22ರಂದು ಅಧ್ಯಕ್ಷ ಟ್ರಂಪ್ ಕ್ಷಮಾದಾನ ಕೊಟ್ಟರು. ಅಧ್ಯಕ್ಷರ ಕ್ಷಮಾದಾನಕ್ಕೆ ಕಾಂಗ್ರೆಸ್ಸಿನ ಒಪ್ಪಿಗೆ ಬೇಕಾಗಿಲ್ಲ. ಡೇವಿಡ್ ಪ್ರೈಸ್ 2023ರ ಜನವರಿಯಲ್ಲಿ ನಿವೃತ್ತರಾದರು, ಅವರ ಮಸೂದೆ ಆಗಲೂ ಕಾನೂನಾಗಿರಲಿಲ್ಲ.